ಬಯೋಡೀಸೆಲ್ ಘಟಕಕ್ಕೆ ದುಡ್ಡು ಹಾಕುವ ಮುನ್ನ: ಲೀಟರಿಗೆ ನಿಜಕ್ಕೂ ಎಷ್ಟು ಬೀಳುತ್ತದೆ?

ಬಯೋಡೀಸೆಲ್ ಎಂದರೆ ಎಣ್ಣೆಗೆ ಮೆಥನಾಲ್ ಎಂಬ ಆಲ್ಕೋಹಾಲ್ ಮತ್ತು ಕಾಸ್ಟಿಕ್ ಪೊಟ್ಯಾಶ್‌ನಂಥ ಕ್ಷಾರ ಸೇರಿಸಿ, ಗ್ಲಿಸರಿನ್ ಬೇರ್ಪಡಿಸಿ ಮಾಡುವ, ಡೀಸೆಲ್‌ನಂತೆ ಉರಿಯುವ ಇಂಧನ. ಅದರ ಯಂತ್ರ ಮಾರುವವರು ತೋರಿಸುವ ಲೆಕ್ಕ ಒಂದೇ ಸಾಲಿನದು. ಕರಿದು ಉಳಿದ ಎಣ್ಣೆ ಲೀಟರಿಗೆ 60 ರೂಪಾಯಿ, ಬಂಕ್‌ನಲ್ಲಿ ಡೀಸೆಲ್ 91 ರೂಪಾಯಿ, ನಡುವಿನ 31 ರೂಪಾಯಿ ನಿಮ್ಮದು. ಈ 31 ರೂಪಾಯಿ ಯಾವ ಯಾವ ಹಂತದಲ್ಲಿ ಎಷ್ಟೆಷ್ಟು ಕರಗುತ್ತದೆ ಎಂಬುದನ್ನು ಕಾಗದದ ಮೇಲೆ ಬರೆದು ನೋಡದೆ ಮುಂಗಡ ಕೊಡಬೇಡಿ. ಇಲ್ಲಿ ದಿನಕ್ಕೆ 1000 ಲೀಟರ್ ಕಚ್ಚಾ ಎಣ್ಣೆ, ಅಂದರೆ ಆ ಕರಿದು ಉಳಿದ ಎಣ್ಣೆ, ಹಿಡಿಯುವ ಸಣ್ಣ ಘಟಕವೊಂದನ್ನು ಎದುರಿಗಿಟ್ಟುಕೊಂಡು ಆ ಲೆಕ್ಕ ಹಾಕಿದ್ದೇವೆ. ಡೀಸೆಲ್ ದರ 2025ರ ಏಪ್ರಿಲ್‌ನದು, ಉಳಿದ ದರಗಳೆಲ್ಲ ಲೆಕ್ಕಕ್ಕಾಗಿ ಹಿಡಿದವು. ನಿಮ್ಮೂರಿನಲ್ಲಿ ವಿಚಾರಿಸಿದ ದರವನ್ನು ಆ ಜಾಗದಲ್ಲಿ ಹಾಕಿಕೊಳ್ಳಿ, ಲೆಕ್ಕದ ದಾರಿ ಮಾತ್ರ ಇದೇ ಇರಲಿ.

ಮೊದಲು ಎದುರಾಳಿಯ ದರ

2025ರ ಏಪ್ರಿಲ್ 1ರಂದು ಕರ್ನಾಟಕ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ 21.17ಕ್ಕೆ ಏರಿಸಿದಾಗ ಬೆಂಗಳೂರಿನಲ್ಲಿ ಲೀಟರ್ ದರ 91 ರೂ. 2 ಪೈಸೆ ಆಯಿತು. ಅದಕ್ಕೂ ಹಿಂದೆ, 2024ರ ಜೂನ್‌ನಲ್ಲಿ, ಇದೇ ತೆರಿಗೆ ಶೇ 14.34ರಿಂದ 18.44ಕ್ಕೆ ಏರಿತ್ತು. ಬಯೋಡೀಸೆಲ್ ಮಾಡುವವನಿಗೆ ಇದು ಬಿಟ್ಟಿ ಸಿಕ್ಕ ಲಾಭ. ಆದರೆ ಬಿಟ್ಟಿ ಬಂದದ್ದು ಹಾಗೆಯೇ ಹೋಗಲೂಬಹುದು. 2021ರ ದೀಪಾವಳಿಗೆ ಕೇಂದ್ರ ಸರ್ಕಾರ ಡೀಸೆಲ್ ಸುಂಕವನ್ನು ಲೀಟರಿಗೆ 10 ರೂಪಾಯಿ ಇಳಿಸಿತು, ಬೆನ್ನಿಗೇ ರಾಜ್ಯವೂ 7 ರೂಪಾಯಿ ಇಳಿಸಿತು. ಕಚ್ಚಾ ತೈಲದ ದರ ಅಲುಗಾಡದಿದ್ದರೂ ನಿಮ್ಮ ಎದುರಾಳಿ ರಾತ್ರೋರಾತ್ರಿ 17 ರೂಪಾಯಿ ಅಗ್ಗವಾಗಬಲ್ಲ. ಈ 17 ರೂಪಾಯಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಎರಡನೆಯ ತಿದ್ದುಪಡಿ ಶಕ್ತಿಯದು. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೂಲ್ ಇದ್ದರೆ ಬಯೋಡೀಸೆಲ್‌ನಲ್ಲಿ 33. ಹಾಗಾಗಿ ಶುದ್ಧ ಬಯೋಡೀಸೆಲ್ ಹಾಕಿದ ಗಾಡಿಯ ಮೈಲೇಜು ಹೆಚ್ಚುಕಡಿಮೆ ಶೇ 8ರಷ್ಟು ಇಳಿಯುತ್ತದೆ. ಶೇ 20 ಬೆರೆಸಿದ ಬಿ20ಯಲ್ಲಿ ಈ ಇಳಿಕೆ ಶೇ 2ರೊಳಗೇ ಇರುವುದರಿಂದ ಚಾಲಕನ ಗಮನಕ್ಕೂ ಬರುವುದಿಲ್ಲ. ಆದರೆ ಖರೀದಿದಾರ ಲೆಕ್ಕ ಬಲ್ಲವನಾದರೆ ಆ ವ್ಯತ್ಯಾಸವನ್ನು ನಿಮ್ಮ ದರದಲ್ಲೇ ಮುರಿದುಕೊಳ್ಳುತ್ತಾನೆ. 91ನ್ನು 33ರಿಂದ ಗುಣಿಸಿ 36ರಿಂದ ಭಾಗಿಸಿದರೆ 83 ರೂ. 40 ಪೈಸೆ. ನೀವು ಗೆಲ್ಲಬೇಕಾದ ದರ ಇದು, ಬಂಕ್‌ನ ಫಲಕದಲ್ಲಿ ಕಾಣುವ 91 ಅಲ್ಲ.

ಕಚ್ಚಾ ಎಣ್ಣೆ: ಗೆಲುವೂ ಸೋಲೂ ಇಲ್ಲೇ

ಬಯೋಡೀಸೆಲ್ ಖರ್ಚಿನ ನಾಲ್ಕರಲ್ಲಿ ಮೂರು ಭಾಗಕ್ಕೂ ಹೆಚ್ಚು ಎಣ್ಣೆಗೇ ಹೋಗುತ್ತದೆ. ಯಂತ್ರ ಎಷ್ಟೇ ಚೆನ್ನಾಗಿರಲಿ, ಎಣ್ಣೆಯನ್ನು ತಪ್ಪು ದರಕ್ಕೆ ಕೊಂಡ ಘಟಕವನ್ನು ಯಾವ ಎಂಜಿನಿಯರ್ ಕೂಡ ಉಳಿಸಲಾರ.

ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ಅದರ ಟೋಟಲ್ ಪೋಲಾರ್ ಕಾಂಪೌಂಡ್ (ಎಣ್ಣೆ ಕೆಟ್ಟಷ್ಟೂ ಏರುವ ಅಂಶ) ಶೇ 25 ಮೀರಿದರೆ ಅಡುಗೆಗೆ ಬಳಸಬಾರದು ಎಂಬ, ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಅಂಥ ಎಣ್ಣೆಯನ್ನು ಬಯೋಡೀಸೆಲ್ ಕಡೆಗೆ ತಿರುಗಿಸಲು ರುಕೋ ಎಂಬ ಯೋಜನೆಯೂ ಬಂತು. ಕಾಗದದ ಮೇಲೆ ಮಾಲಿಗೆ ಬರವಿಲ್ಲ. ಆದರೆ 1000 ಲೀಟರ್ ಎಂದರೆ ಸುಮಾರು 915 ಕೆಜಿ, ಅಂದರೆ 15 ಕೆಜಿಯ 61 ಡಬ್ಬ, ಅದೂ ದಿನಕ್ಕೆ. ಒಂದು ಹೋಟೆಲು ವಾರಕ್ಕೆ ಎರಡು ಡಬ್ಬ ಕೊಡುತ್ತದೆ ಎಂದಿಟ್ಟುಕೊಂಡರೆ ವಾರದ ಆರು ದಿನ ಘಟಕ ಓಡಿಸಲು 183 ಅಡುಗೆಮನೆಗಳು ಬೇಕು. ಅಷ್ಟು ಕಡೆ ಹೋಗಿ ಬರುವ ಗಾಡಿ, ಡ್ರೈವರ್, ತೂಕದ ಯಂತ್ರ, ಖಾಲಿ ಡಬ್ಬ, ರಸೀದಿ ಪುಸ್ತಕ ಎಲ್ಲ ಸೇರಿ ಘಟಕದ ಬಾಗಿಲಿಗೆ ಬಿದ್ದ ದರವೇ ಇಲ್ಲಿ ಹಿಡಿದಿರುವ 60. ದರ್ಶಿನಿಯವರು ಹೇಳಿದ ದರವನ್ನಷ್ಟೇ ಹಿಡಿದರೆ ಲೆಕ್ಕ ಮೊದಲ ಸಾಲಿನಲ್ಲೇ ತಪ್ಪುತ್ತದೆ.

ಡಬ್ಬ ಇಳಿಸಿಕೊಳ್ಳುವಾಗ ಎರಡು ಪರೀಕ್ಷೆ ಮಾಡಿ. ಎರಡಕ್ಕೂ ಸೇರಿ ಹತ್ತು ನಿಮಿಷ ಸಾಕು.

ಒಂದು ನೀರಿನದು. ಡಬ್ಬದ ತಳದವರೆಗೆ ಕೊಳವೆ ಇಳಿಸಿ ಎಣ್ಣೆ ಎತ್ತಿ. ಮೇಲಿನ ಎಣ್ಣೆ ಯಾವಾಗಲೂ ಚೆಂದವಾಗಿಯೇ ಇರುತ್ತದೆ, ನೀರೂ ಹಿಟ್ಟಿನ ಮಡ್ಡಿಯೂ ಕೂತಿರುವುದು ತಳದಲ್ಲಿ. ಎರಡು ಚಮಚದಷ್ಟನ್ನು ಸಣ್ಣ ಸೌಟಿನಲ್ಲಿ ಹಾಕಿ 110 ಡಿಗ್ರಿವರೆಗೆ ಕಾಯಿಸಿ. ಒಗ್ಗರಣೆಗೆ ಒದ್ದೆ ಕರಿಬೇವು ಬಿದ್ದ ಹಾಗೆ ಚಟಪಟ ಸಿಡಿದರೆ ನೀರಿದೆ. ಬರೀ ಸಣ್ಣ ಗುಳ್ಳೆಗಳೆದ್ದರೆ ಒಣಗಿಸಿ ಬಳಸಬಹುದು. ಡಬ್ಬದಲ್ಲಿ ಒಂದು ಲೀಟರ್ ನೀರಿದ್ದರೆ ನೀವು ನೀರಿಗೆ 60 ರೂಪಾಯಿ ಕೊಟ್ಟಂತಾಯಿತು, ಅದನ್ನು ಆವಿ ಮಾಡಲು ಸುಡುವ ಸೌದೆಯ ಖರ್ಚು ಬೇರೆ.

ಇನ್ನೊಂದು ಆಮ್ಲದ್ದು. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಸರಿಯಾಗಿ 1 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿಟ್ಟುಕೊಳ್ಳಿ. 10 ಮಿಲಿ ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ 1 ಮಿಲಿ ಎಣ್ಣೆ ಮತ್ತು ಎರಡು ಹನಿ ಫಿನಾಲ್ಫ್ತಲೀನ್ ಎಂಬ ಬಣ್ಣ ಸೂಚಕ ಹಾಕಿ, ಸಿರಿಂಜಿನಿಂದ ಸೋಡಾ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಅಲುಗಾಡಿಸಿ. ನಸುಗೆಂಪು ಬಣ್ಣ ಹತ್ತು ಸೆಕೆಂಡ್ ನಿಂತಾಗ ಎಷ್ಟು ಮಿಲಿ ಖರ್ಚಾಯಿತೆಂದು ನೋಡಿ. ಆ ಸಂಖ್ಯೆಯನ್ನು 0.77ರಿಂದ ಗುಣಿಸಿದರೆ ಎಫ್‌ಎಫ್‌ಎ ಎಂದು ಕರೆಯುವ ಬಿಡಿ ಕೊಬ್ಬಿನಾಮ್ಲದ ಶೇಕಡಾವಾರು ಹೆಚ್ಚುಕಡಿಮೆ ಸಿಗುತ್ತದೆ. 3 ಮಿಲಿ ಎಂದರೆ ಶೇ 2.3. ಅಲ್ಲಿಯವರೆಗೆ ಒಂದೇ ಹಂತದ ಕ್ರಿಯೆ ಸಾಕು. ಅದಕ್ಕಿಂತ ಹೆಚ್ಚಾದರೆ ಬಿಡಿ ಆಮ್ಲವೆಲ್ಲ ಸಾಬೂನಾಗಿ, ಹೋಗುತ್ತ ಹೋಗುತ್ತ ಒಳ್ಳೆಯ ಎಣ್ಣೆಯನ್ನೂ ಎಳೆದೊಯ್ಯುತ್ತದೆ. ಇಲ್ಲವೇ ಗಂಧಕಾಮ್ಲ ಹಾಕಿ ಮೊದಲು ಇನ್ನೊಂದು ಹಂತ ಮಾಡಬೇಕಾಗುತ್ತದೆ, ಅದಕ್ಕೆ ಮೆಥನಾಲೂ ಹೆಚ್ಚು, ಹೊತ್ತೂ ಹೆಚ್ಚು, ಆಮ್ಲ ತಡೆಯುವ ಪಾತ್ರೆಯೂ ಬೇರೆ. ಹೀಗಾಗಿ ಖರೀದಿ ದರವನ್ನು ಈ ಮಿಲಿ ಸಂಖ್ಯೆಗೆ ಕಟ್ಟಿಹಾಕಿ. ತೂಕವನ್ನಷ್ಟೇ ನೋಡಿ ದುಡ್ಡು ಕೊಡುವ ಘಟಕಕ್ಕೆ ಊರಿನ ಕೆಟ್ಟ ಎಣ್ಣೆಯೆಲ್ಲ ಹುಡುಕಿಕೊಂಡು ಬರುತ್ತದೆ.

ಒಂದು ದಿನದ ಲೆಕ್ಕ

1000 ಲೀಟರ್ ಕಚ್ಚಾ ಎಣ್ಣೆ ಸೋಸಿ ಒಣಗಿಸಿದ ಮೇಲೆ 940 ಲೀಟರ್ ಉಳಿಯಿತು, ತೊಳೆದು ಮುಗಿಸುವಾಗ 900 ಲೀಟರ್ ಬಯೋಡೀಸೆಲ್ ಕೈಗೆ ಬಂತು ಎಂದುಕೊಳ್ಳಿ.

ಎಣ್ಣೆ, 60ರಂತೆ: 60,000
ಮೆಥನಾಲ್ 200 ಲೀಟರ್, 40ರಂತೆ: 8,000
ಕಾಸ್ಟಿಕ್ ಪೊಟ್ಯಾಶ್ 9 ಕೆಜಿ, 90ರಂತೆ: 810
ಕರೆಂಟು, ಸೌದೆ: 2,000
ಕೂಲಿ: 2,000
ಸಾಗಣೆ, ಪರೀಕ್ಷೆ, ರಿಪೇರಿ: 2,500
ಒಟ್ಟು: 75,310

ಕಚ್ಚಾ ಗ್ಲಿಸರಿನ್‌ನಿಂದ 1,500 ಬಂದರೆ ಉಳಿಯುವುದು 73,810. ಅದನ್ನು 900ರಿಂದ ಭಾಗಿಸಿದರೆ ಲೀಟರಿಗೆ 82 ರೂಪಾಯಿ. ಘಟಕಕ್ಕೆ 40 ಲಕ್ಷ ಹಾಕಿದ್ದೀರಿ, ಹತ್ತು ವರ್ಷದ ಸವಕಳಿ, ಶೇ 12ರ ಬಡ್ಡಿ ಎಂದರೆ ವರ್ಷಕ್ಕೆ 8.8 ಲಕ್ಷ. ವರ್ಷದಲ್ಲಿ 250 ದಿನ ಓಡಿದರೆ 2,25,000 ಲೀಟರ್, ಅಂದರೆ ಲೀಟರಿಗೆ ಇನ್ನೂ 3 ರೂ. 90 ಪೈಸೆ. ಅಲ್ಲಿಗೆ 86 ರೂಪಾಯಿ. ಗೆಲ್ಲಬೇಕಾಗಿದ್ದ ದರ 83.40. 31 ರೂಪಾಯಿ ಲಾಭದ ಕಥೆ ಲೀಟರಿಗೆ ಎರಡೂವರೆ ರೂಪಾಯಿ ನಷ್ಟದಲ್ಲಿ ಮುಗಿಯಿತು, ಅದೂ ತೆರಿಗೆಯ ಮಾತು ಎತ್ತುವ ಮೊದಲೇ.

ಈ ಲೆಕ್ಕದಲ್ಲಿ ತಿರುಗಿಸಬಹುದಾದ ಗುಂಡಿಗಳು ಕೆಲವೇ. ಕಚ್ಚಾ ಎಣ್ಣೆ ಒಂದು ರೂಪಾಯಿ ಇಳಿದರೆ ಬಯೋಡೀಸೆಲ್ 1 ರೂ. 11 ಪೈಸೆ ಇಳಿಯುತ್ತದೆ. ಹಾಗಾಗಿ 57 ರೂ. 75 ಪೈಸೆಗೆ ಎಣ್ಣೆ ಸಿಕ್ಕರೆ ಸರಿಸಮ. ಇನ್ನೊಂದು ಮೆಥನಾಲ್. ಹಾಕಿದ 200 ಲೀಟರಿನಲ್ಲಿ ಕ್ರಿಯೆಗೆ ಹಿಡಿಯುವುದು 120 ಲೀಟರ್ ಆಸುಪಾಸು, ಉಳಿದದ್ದು ಕ್ರಿಯೆಯನ್ನು ಮುಂದಕ್ಕೆ ತಳ್ಳಲು ಹಾಕುವ ಹೆಚ್ಚುವರಿ. ಕಂಡೆನ್ಸರ್ ಇಟ್ಟು 60 ಲೀಟರ್ ವಾಪಸ್ ಹಿಡಿದರೆ 2,400 ರೂಪಾಯಿ, ಅಂದರೆ ಲೀಟರಿಗೆ 2 ರೂ. 65 ಪೈಸೆ ಉಳಿತಾಯ. ಅದರಲ್ಲಿ ಕಾಯಿಸುವ ಖರ್ಚು ಕಳೆಯಬೇಕು ನಿಜ. ಆದರೂ ಅಗ್ಗದ ಘಟಕಗಳಲ್ಲಿ ಮೊದಲು ಕೈಬಿಡುವ ಭಾಗವೇ ಈ ಕಂಡೆನ್ಸರ್ ಎಂಬುದು ವಿಚಿತ್ರ.

ಈಗ ಆ 17 ರೂಪಾಯಿ. ಡೀಸೆಲ್ 74ಕ್ಕೆ ಇಳಿದರೆ ನೀವು ಗೆಲ್ಲಬೇಕಾದ ದರ 67.80. ಬಡ್ಡಿ, ಸವಕಳಿ ಎಲ್ಲ ಮರೆತು, ಓಡಿಸಿದ ಖರ್ಚಷ್ಟೇ ಹುಟ್ಟಬೇಕೆಂದರೂ ಎಣ್ಣೆ 47 ರೂಪಾಯಿಗೆ ಸಿಗಬೇಕು. ಹೋಟೆಲಿನವರಿಗೆ ಡೀಸೆಲ್ ಇಳಿದರೇನು, ಏರಿದರೇನು? ಅವರ ಎಣ್ಣೆಯ ದರ ನಡೆಯುವುದು ತಾಳೆ ಎಣ್ಣೆ, ಸೂರ್ಯಕಾಂತಿ ಎಣ್ಣೆಯ ಮಾರುಕಟ್ಟೆಯ ಹಿಂದೆ. 2022ರ ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ಕೆಲವು ವಾರ ತಾಳೆ ಎಣ್ಣೆ ರಫ್ತನ್ನೇ ನಿಲ್ಲಿಸಿತ್ತು. 2025ರಿಂದ ಆ ದೇಶ ತನ್ನ ಡೀಸೆಲ್‌ಗೆ ಶೇ 40ರಷ್ಟು ತಾಳೆ ಬಯೋಡೀಸೆಲ್ ಬೆರೆಸುವ ಹಾದಿಗಿಳಿದಿದೆ. ಕರಿದ ಎಣ್ಣೆಗೆ ವಿಮಾನ ಇಂಧನ ಮಾಡುವವರೂ ಪೈಪೋಟಿಗೆ ಬಂದಿದ್ದಾರೆ, 2027ರಿಂದ ಅಂತರರಾಷ್ಟ್ರೀಯ ವಿಮಾನಗಳ ಇಂಧನದಲ್ಲಿ ಶೇ 1ರಷ್ಟು ಜೈವಿಕ ಇಂಧನ ಎಂಬ ಗುರಿ ಭಾರತದ್ದು. ಒಂದು ಕೈಯಲ್ಲಿ ಖಾದ್ಯ ತೈಲದ ಮಾರುಕಟ್ಟೆ, ಇನ್ನೊಂದರಲ್ಲಿ ಡೀಸೆಲ್ ತೆರಿಗೆ. ಎರಡೂ ನಿಮ್ಮ ಮಾತು ಕೇಳುವುದಿಲ್ಲ.

ತಯಾರಿಕೆಯಲ್ಲಿ ದುಡ್ಡು ಸೋರುವ ಜಾಗಗಳು

ಕ್ರಿಯೆ ಸರಳ. ಒಣಗಿದ ಎಣ್ಣೆಯನ್ನು 55ರಿಂದ 60 ಡಿಗ್ರಿಗೆ ತಂದು, ಮೆಥನಾಲಿನಲ್ಲಿ ಕರಗಿಸಿದ ಪೊಟ್ಯಾಶನ್ನು ನಿಧಾನವಾಗಿ ಬಿಟ್ಟು, ಒಂದರಿಂದ ಎರಡು ಗಂಟೆ ಕಲಕಿ, ರಾತ್ರಿಯಿಡೀ ಕೂರಲು ಬಿಟ್ಟರೆ ಗ್ಲಿಸರಿನ್ ತಳ ಸೇರುತ್ತದೆ. ಪೊಟ್ಯಾಶಿನ ಅಳತೆಗೆ ಲೀಟರಿಗೆ 3.5 ಗ್ರಾಂಗೆ ಪರೀಕ್ಷೆಯ ಮಿಲಿ ಸಂಖ್ಯೆ ಕೂಡಿಸಿ. ಅದು ಕಾಸ್ಟಿಕ್ ಸೋಡಾದ ಲೆಕ್ಕ, ಪೊಟ್ಯಾಶ್ ಆದರೆ 1.4ರಿಂದ ಗುಣಿಸಿ. 3 ಮಿಲಿ ಬಂದ ಎಣ್ಣೆಗೆ ಲೀಟರಿಗೆ 9 ಗ್ರಾಂ ಬೀಳುತ್ತದೆ. ಬಾಯಿ ತೆರೆದ ಚೀಲದ ಪೊಟ್ಯಾಶ್ ಗಾಳಿಯ ತೇವ ಹೀರಿ ತೂಕ ಏರಿಸಿಕೊಂಡಿರುತ್ತದೆ. ಮಳೆಗಾಲದಲ್ಲಿ ಅಳತೆ ಸರಿಯಿದ್ದೂ ಕ್ರಿಯೆ ಅರ್ಧಕ್ಕೆ ನಿಂತರೆ ಮೊದಲು ಆ ಚೀಲವನ್ನು ನೋಡಿ.

64.7 ಡಿಗ್ರಿಗೆ ಮೆಥನಾಲ್ ಕುದಿಯುತ್ತದೆ, ಅದರ ಮೇಲೆ ಹೋಗಬೇಡಿ. ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೇ ಬೀಳುವುದಿಲ್ಲ. ಕಳ್ಳಭಟ್ಟಿ ದುರಂತಗಳಲ್ಲಿ ಜೀವ ತೆಗೆಯುವುದೂ ಇದೇ ಮೆಥನಾಲ್. ಆದ್ದರಿಂದ ಪರವಾನಗಿ, ಬೀಗ ಹಾಕಿದ ಕೋಣೆ, ಲೆಕ್ಕದ ಪುಸ್ತಕ, ಕಿಡಿ ಹಾರದ ಫ್ಲೇಮ್‌ಪ್ರೂಫ್ ಮೋಟಾರ್ ಇವು ಯೋಜನಾ ವೆಚ್ಚದೊಳಗೇ ಇರಬೇಕು. ಸಾದಾ ಮೋಟಾರ್ ಹಾಕಿ ದರ ಇಳಿಸಿಕೊಟ್ಟ ಕೊಟೇಶನ್ ಕಂಡರೆ ಅದನ್ನು ಅಲ್ಲೇ ಬಿಟ್ಟುಬಿಡಿ.

ಮುಗಿದಿದೆಯೇ ಎಂದು ತಿಳಿಯಲು 27 ಮಿಲಿ ಮೆಥನಾಲಿಗೆ 3 ಮಿಲಿ ಬಯೋಡೀಸೆಲ್ ಹಾಕಿ ಕುಲುಕಿ. ಪೂರ್ತಿ ಕರಗಿ ತಿಳಿಯಾದರೆ ಸರಿ. ತಳದಲ್ಲಿ ಎಣ್ಣೆಯ ಹನಿ ಕೂತರೆ ಕ್ರಿಯೆ ಅರೆಬರೆ, ಇನ್ನಷ್ಟು ಮೆಥನಾಲ್ ಮತ್ತು ಪೊಟ್ಯಾಶ್ ಕೊಟ್ಟು ಮತ್ತೆ ಓಡಿಸಬೇಕು. ಅರೆಬರೆ ಮಾಲನ್ನು ತೊಳೆಯಲು ಹೋದರೆ ಮೊಸರು ಕಡೆದಂತೆ ನೊರೆಯೇಳುತ್ತದೆ, ಅದು ಒಡೆಯಲು ದಿನಗಟ್ಟಲೆ ಕಾಯಬೇಕು. ತೊಳೆದ ನೀರನ್ನು ಚರಂಡಿಗೆ ಬಿಡುವಂತಿಲ್ಲ, ಮಾಲಿನ್ಯ ನಿಯಂತ್ರಣ ಮಂಡಳಿ ಮೊದಲು ಕೇಳುವ ಪ್ರಶ್ನೆಯೇ ಅದು.

ಬಯೋಡೀಸೆಲ್‌ಗೆ ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಮಾನದಂಡ ಐಎಸ್ 15607. ಅದರ ಪ್ರಕಾರ ನೀರಿನಂಶ ಕೆಜಿಗೆ 500 ಮಿಲಿಗ್ರಾಂ ಮೀರಬಾರದು, ಆಮ್ಲಾಂಕ 0.5 ದಾಟಬಾರದು, ಮೆಥನಾಲ್ ಶೇ 0.2ರೊಳಗಿರಬೇಕು. ಸಣ್ಣ ಘಟಕಗಳ ಮಾಲು ತಿರಸ್ಕಾರವಾಗುವುದು ಹೆಚ್ಚಾಗಿ ನೀರಿನಿಂದಲೇ. ಟ್ಯಾಂಕಿಗೆ ತಾಮ್ರ, ಹಿತ್ತಾಳೆ, ಸತು ಲೇಪನದ ತಗಡು ಬಳಸಬೇಡಿ, ಮಾಲು ಬೇಗ ಹುಳಿಯುತ್ತದೆ.

ಹೊಂಗೆಯಿಂದ ಮಾಡಿದರೆ?

ಇದು ಕರ್ನಾಟಕಕ್ಕೆ ಹತ್ತಿರದ ವಿಷಯ. ಹಾಸನದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನವಿದೆ. ಖಾಸಗಿ ಬರಡು ಭೂಮಿಗೆ ‘ಬರಡು ಬಂಗಾರ’, ಅರಣ್ಯ ಪ್ರದೇಶಕ್ಕೆ ‘ಹಸಿರು ಹೊನ್ನು’ ಎಂದು ರಾಜ್ಯ ಹೊಂಗೆ, ಬೇವು, ಹಿಪ್ಪೆ, ಸಿಮರೂಬಾ ನೆಡಿಸಿದೆ. ಕಾಡುಹರಳಿನ (ಜಟ್ರೋಫಾ) ಹಾಗೆ ಹೊಂಗೆ ಜನರ ಕೈ ಸುಡಲಿಲ್ಲ. 2003ರಲ್ಲಿ ಯೋಜನಾ ಆಯೋಗದ ಸಮಿತಿ ಕಾಡುಹರಳನ್ನು ಮುಂದಿಟ್ಟ ಮೇಲೆ ಬರಡು ನೆಲದಲ್ಲೂ ಬಂಪರ್ ಬೆಳೆ ಎಂಬ ಭರವಸೆ ದೇಶದಲ್ಲೆಲ್ಲ ಹಬ್ಬಿತು. ನೀರು, ಗೊಬ್ಬರವಿಲ್ಲದ ನೆಲದಲ್ಲಿ ಗಿಡ ಬದುಕಿತು, ಕಾಯಿ ಬಿಡಲಿಲ್ಲ.

ಹೊಂಗೆ ಹಳೆಯ ಒಡನಾಡಿ, ಬದುವಿನ ಮರ. ಆದರೂ ಕಾಯಿ ಬಿಡಲು ಐದಾರು ವರ್ಷ, ಚೆನ್ನಾಗಿ ಬಿಡಲು ಹತ್ತು ವರ್ಷ ಬೇಕು. ಬ್ಯಾಂಕಿನ ಸಾಲ ಅಷ್ಟು ದಿನ ಕಾಯುವುದಿಲ್ಲವಾದ್ದರಿಂದ ತೋಟ ಹಾಕಿ ಘಟಕ ಕಟ್ಟುವ ಯೋಜನೆಯನ್ನು ಕೈಬಿಡಿ, ಇರುವ ಮರಗಳ ಬೀಜ ಕೊಳ್ಳುವ ಯೋಜನೆ ಮಾಡಿ.

ಸಾಮಾನ್ಯವಾಗಿ ಗಾಣದಲ್ಲಿ 4 ಕೆಜಿ ಬೀಜಕ್ಕೆ ಒಂದು ಲೀಟರ್ ಎಣ್ಣೆ, ಜೊತೆಗೆ 2.8 ಕೆಜಿ ಹಿಂಡಿ. ಬೀಜ ಕೆಜಿಗೆ 30 ರೂಪಾಯಿ, ಗಾಣದ ಕೂಲಿ ಲೀಟರ್ ಎಣ್ಣೆಗೆ 8, ಹಿಂಡಿ ಕೆಜಿಗೆ 20 ಎಂದು ಹಿಡಿದರೆ ಎಣ್ಣೆ 72ಕ್ಕೆ ಬೀಳುತ್ತದೆ, ಬಯೋಡೀಸೆಲ್ 99 ದಾಟುತ್ತದೆ. ಅದೇ ಹಿಂಡಿ 30ಕ್ಕೆ ಹೋದರೆ ಎಣ್ಣೆ 44, ಬಯೋಡೀಸೆಲ್ 68. ಹೊಂಗೆ ಘಟಕವೆಂದರೆ ಮೊದಲು ಹಿಂಡಿಯ ವ್ಯಾಪಾರ, ಆಮೇಲೆ ಇಂಧನದ್ದು. ಅಡಕೆ, ಕಾಫಿ ತೋಟದವರ ಜೊತೆ ಹಿಂಡಿಯ ಮಾತು ಕುದುರಿಸಿಕೊಂಡೇ ಬೀಜಕ್ಕೆ ದರ ಹೇಳಿ. ಹಾಗೆಯೇ ಸಾಬೂನಿಗೋ ಸಿಂಪಡಣೆಗೋ ಹೊಂಗೆ ಎಣ್ಣೆ ಕೊಳ್ಳುವವನು ಡೀಸೆಲ್‌ಗಿಂತ ಹೆಚ್ಚು ಕೊಟ್ಟರೆ ಕಣ್ಣು ಮುಚ್ಚಿ ಅವನಿಗೇ ಮಾರಿ, ಅದನ್ನು ಬಯೋಡೀಸೆಲ್ ಮಾಡುವುದು ಶ್ರೀಗಂಧವನ್ನು ಒಲೆಗೆ ಹಾಕಿದಂತೆ.

ಬೀಜ ಬರುವುದು ಯುಗಾದಿಯ ಹಿಂದುಮುಂದಿನ ಕೆಲವೇ ವಾರ. ವರ್ಷದ ಮಾಲನ್ನು ಆಗಲೇ ಕೊಂಡಿಡಬೇಕು, ಅಷ್ಟು ದುಡ್ಡಿಗೆ ವರ್ಷವಿಡೀ ಬಡ್ಡಿ. ಒದ್ದೆ ಗೋಣಿಚೀಲದಲ್ಲಿ ಮಳೆಗಾಲ ಕಳೆದ ಬೀಜದ ಎಣ್ಣೆಯಲ್ಲಿ ಬಿಡಿ ಆಮ್ಲ ಏರಿರುತ್ತದೆ, ಆಗ ಎರಡು ಹಂತದ ಕ್ರಿಯೆ ತಪ್ಪದು.

ಯಾರಿಗೆ ಮಾರುತ್ತೀರಿ

ಮಾರುವ ವಿಷಯದಲ್ಲಿ ಕಾನೂನು ಬಿಗಿ. 2019ರ ಏಪ್ರಿಲ್ 30ರ ಕೇಂದ್ರದ ಮಾರ್ಗಸೂಚಿಯಂತೆ ಬಯೋಡೀಸೆಲ್ ಮಾರಾಟ ಡೀಸೆಲ್‌ಗೆ ಬೆರೆಸಲಷ್ಟೇ. ನೇರವಾಗಿ ಗಾಡಿಯ ಟ್ಯಾಂಕಿಗೆ ತುಂಬುವ ಸ್ವತಂತ್ರ ಇಂಧನವಾಗಿ ಅಲ್ಲ. ಹೆದ್ದಾರಿ ಪಕ್ಕ ಬಯೋಡೀಸೆಲ್ ಎಂಬ ಫಲಕ ಹಾಕಿ ಡೀಸೆಲ್‌ಗಿಂತ 15-20 ರೂಪಾಯಿ ಕಡಿಮೆಗೆ ಮಾರುವುದನ್ನು ಕಂಡರೆ ಮೇಲಿನ ಲೆಕ್ಕ ನೆನಪಿಸಿಕೊಳ್ಳಿ. ಆ ದರಕ್ಕೆ ಬಯೋಡೀಸೆಲ್ ಹುಟ್ಟುವುದೇ ಕಷ್ಟ, ಒಳಗಿರುವುದು ಬೇರೆ ಯಾವುದೋ ತೈಲವಾಗಿರುವ ಸಾಧ್ಯತೆ ಹೆಚ್ಚು.

ಉಳಿಯುವುದು ಎರಡು ದಾರಿ. ತೈಲ ಕಂಪನಿಗಳಿಗೆ ಕೊಡುವುದು ಒಂದು. 2019ರ ಆಗಸ್ಟ್ 10ರಂದು ಅವು ಕರಿದ ಎಣ್ಣೆಯ ಬಯೋಡೀಸೆಲ್‌ಗೆ ಮೊದಲ ವರ್ಷ 51, ಎರಡನೇ ವರ್ಷ 52.70, ಮೂರನೇ ವರ್ಷ 54.50 ರೂಪಾಯಿ ಎಂದು ದರ ಘೋಷಿಸಿದ್ದವು. ಆ ಮೂರು ವರ್ಷದಲ್ಲಿ ಖಾದ್ಯ ತೈಲದ ದರ ಗಗನಕ್ಕೇರಿದ್ದು ನೆನಪಿದ್ದರೆ, ಮಾರುವ ದರ ನಿಗದಿಯಾಗಿ ಕೊಳ್ಳುವ ದರಕ್ಕೆ ಕಡಿವಾಣವಿಲ್ಲದಿದ್ದರೆ ಏನಾಗುತ್ತದೆ ಎಂಬುದು ಬೇರೆ ಹೇಳಬೇಕಿಲ್ಲ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯ ಗುರಿ 2030ಕ್ಕೆ ಶೇ 5ರ ಮಿಶ್ರಣ, ಆಗುತ್ತಿರುವುದು ಶೇ 1ಕ್ಕೂ ಕಡಿಮೆ. ಅಂದರೆ ಬೇಡಿಕೆಯಿದೆ, ದರವಿಲ್ಲ. ಕಂಪನಿಗೆ ಮಿಶ್ರಣಕ್ಕೆಂದು ಕೊಡುವ ಮಾಲಿನ ಜಿಎಸ್‌ಟಿ ಇತರ ಮಾರಾಟಕ್ಕಿಂತ ಕಡಿಮೆ. ಆದರೆ ಬಿಲ್ 45 ದಿನಕ್ಕೆ ಪಾವತಿಯಾದರೆ ಸುಮಾರು 23 ಲಕ್ಷ ರೂಪಾಯಿ ಸದಾ ಹೊರಗಿರುತ್ತದೆ, ಅದರ ಬಡ್ಡಿ ಲೀಟರಿಗೆ ಒಂದೂಕಾಲು ರೂಪಾಯಿ. ಮೇಲಿನ 86ರಲ್ಲಿ ಅದು ಸೇರಿಲ್ಲ.

ನಮ್ಮ ಒಲವು ಎರಡನೆಯ ದಾರಿಗೆ, ಸ್ವಂತ ಬಳಕೆಗೆ. ಜನರೇಟರ್, ಜೆಸಿಬಿ, ಲಾರಿಗಳಿರುವ ಕ್ರಷರ್, ಅಕ್ಕಿಗಿರಣಿ, ದೊಡ್ಡ ಹೋಟೆಲ್ ಸಮೂಹದವರು ತಮ್ಮದೇ ಡೀಸೆಲ್‌ಗೆ ಶೇ 20 ಬೆರೆಸಿದರೆ ಗಿರಾಕಿ ಹುಡುಕುವ ತಲೆನೋವಿಲ್ಲ, ಬಾಕಿ ವಸೂಲಿಯಿಲ್ಲ, ಮೈಲೇಜಿನ ಚೌಕಾಸಿಯೂ ಇಲ್ಲ. ಸ್ವಂತ ಅಡುಗೆಮನೆಗಳ ಎಣ್ಣೆಯೇ ಆದರೆ ಸಂಗ್ರಹಣೆಯ ಖರ್ಚೂ ಉಳಿಯುತ್ತದೆ. ದಿನಕ್ಕೆ 1000 ಲೀಟರ್ ಬೇಡ, 200 ಸಾಕು.

ಹಳೆಯ ಎಂಜಿನ್‌ನಲ್ಲಿ ಮೊದಲ ಒಂದೆರಡು ಟ್ಯಾಂಕ್ ಮುಗಿದೊಡನೆ ಫಿಲ್ಟರ್ ಬದಲಿಸಿ. ಬಯೋಡೀಸೆಲ್ ಹಳೆಯ ಡೀಸೆಲ್ ಮಡ್ಡಿಯನ್ನೆಲ್ಲ ಕರಗಿಸಿ ತಂದು ಫಿಲ್ಟರ್‌ಗೆ ಕಟ್ಟುತ್ತದೆ, ಎಂಜಿನ್ ನಿಂತಾಗ ಬೈಗುಳ ಮಾತ್ರ ಬಯೋಡೀಸೆಲ್‌ಗೆ. ಸಾದಾ ರಬ್ಬರ್ ಪೈಪು ಉಬ್ಬಿ ಮೆತ್ತಗಾಗುತ್ತದೆ, ಬಯೋಡೀಸೆಲ್ ತಡೆಯುವ ವಿಟಾನ್ ರಬ್ಬರಿನ ಪೈಪು ಹಾಕಿ. ಬಿಎಸ್ 6 ಗಾಡಿಗೆ ಬಿ20 ಹಾಕುವ ಮುನ್ನ ಮ್ಯಾನ್ಯುಯಲ್ ಓದಿ. ಹೊಗೆ ಸೋಸುವ ಡಿಪಿಎಫ್ ಶುಚಿಯಾಗಲು ಸಿಲಿಂಡರ್‌ಗೆ ಹೆಚ್ಚುವರಿಯಾಗಿ ಚಿಮ್ಮಿಸುವ ಇಂಧನದಲ್ಲಿ ಬಯೋಡೀಸೆಲ್ ಭಾಗ ಆವಿಯಾಗದೆ ಗೋಡೆಗುಂಟ ಇಳಿದು ಎಂಜಿನ್ ಆಯಿಲ್ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ ಅದೇ ಕಾರಣ, ಕೂಡಲೇ ಆಯಿಲ್ ಬದಲಿಸಿ. ತಾಳೆ ಎಣ್ಣೆಯಲ್ಲಿ ಕರಿದ ಮಾಲಿನಿಂದ ಬಂದ ಬಯೋಡೀಸೆಲ್ 15 ಡಿಗ್ರಿ ಆಸುಪಾಸಿನಲ್ಲೇ ಮಂಜುಗಟ್ಟಿದಂತಾಗುತ್ತದೆ. ಬೀದರ್ ಕಡೆ ಡಿಸೆಂಬರ್ ಬೆಳಗಿಗೆ ಸ್ಟಾರ್ಟ್ ಆಗಬೇಕಾದ ಜನರೇಟರ್ ಇದ್ದರೆ ಆ ತಿಂಗಳು ಮಿಶ್ರಣವನ್ನು ಶೇ 5ಕ್ಕೆ ಇಳಿಸಿ.